ಏಳನೇ ಕಂತಿನ ಹಸಿರು ಸೀರೆ

ಅಣ್ಣಮ್ಮ ತನ್ನ ಹಸಿರು ಸೀರೆಯ ಕಥೆ ತೆಗೆದಳೆಂದರೆ ಹಗರೆಯ ಆ ಬೀದಿಯಲ್ಲಿ ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ಮೂವತ್ತೈದು ವರ್ಷದಿಂದ ಹೇಳಿದ್ದನ್ನೇ ಹೇಳುತ್ತಿದ್ದರೂ ಹೆಂಗಸರು ಮೊದಲ ಸಲ ಕೇಳುವವರ ಹಾಗೆ ತಲೆ ತಗ್ಗಿಸಿ ಕೂತು, ಮುಗಿದ ಮೇಲೆ "ಹೂಂ ಕಣಕ್ಕ" ಎಂದು ಸೆರಗು ಕೊಡವಿ ಎದ್ದು ಹೋಗುತ್ತಿದ್ದರು. ಬೇರೆ ಮನೆಗಳ ಅತ್ತೆಯರು ನಲ್ಲಿಯ ಹತ್ತಿರ ಎಲ್ಲರ ಜೊತೆಗೂ ಜಗಳಕ್ಕೆ ನಿಲ್ಲುತ್ತಿದ್ದರೂ ಅಣ್ಣಮ್ಮ ಕೊಡ ಹಿಡಿದು ಬಂದರೆ ದಾರಿ ಬಿಡುತ್ತಿದ್ದರು. ಅದನ್ನು ಅವಳು ಮರ್ಯಾದೆ ಎಂದುಕೊಂಡಿದ್ದಳು.

ಸೀರೆಯ ಕಥೆ ಎಂಬತ್ತೊಂಬತ್ತನೇ ಇಸವಿಯದು. ಬೆಂಗಳೂರಿನಿಂದ ಟೀವಿಯವರ ದಂಡೊಂದು ಹಳೇಬೀಡಿಗೆ ಬಂದಿಳಿದು ಸುತ್ತಮುತ್ತಲ ಊರುಗಳಲ್ಲಿ ಒಂದು ನಗೆ ಧಾರಾವಾಹಿ ತೆಗೆಯಿತು. ಹದಿಮೂರು ಕಂತು, ಕಂತಿಗೊಂದು ಕಥೆ. ಅದನ್ನು ಬರೆಯುತ್ತಿದ್ದ ಶರತ್ಚಂದ್ರ ಎಂಬುವವನಿಗೆ ಹೋಟೆಲಿನ ಊಟ ಒಗ್ಗದೆ, ಅಣ್ಣಮ್ಮನ ಗಂಡ ಲಕ್ಕಪ್ಪನ ಪರಿಚಯ ಮಾಡಿಕೊಂಡು, ಅವರ ಮನೆಯ ಹೊರಕೋಣೆಯಲ್ಲಿ ಎರಡು ತಿಂಗಳು ಝಾಂಡಾ ಊರಿದ. ಕನ್ನಡಕದ ಸಣಕಲ. ಮೊದಲ ದಿನ ಮುದ್ದೆಯನ್ನು ಅಗಿದು ತಿಂದು ಮನೆಯವರನ್ನೆಲ್ಲ ನಗಿಸಿದ. ವಾರದೊಳಗೆ ಹುರುಳಿಕಟ್ಟಿನ ಸಾರಿಗೆ ಎರಡು ಮುದ್ದೆ ನುಂಗುವುದನ್ನು ಕಲಿತು, ಅಣ್ಣಮ್ಮನನ್ನು ಬಾಯಿ ತುಂಬ ಅಕ್ಕಾ ಎಂದು ಕರೆಯತೊಡಗಿದ. ಒಡಹುಟ್ಟಿದವರಿಲ್ಲದ ಅವಳಿಗೆ ಅದು ಹಾಲು ಕುಡಿದಷ್ಟು ಹಿತವಾಗಿತ್ತು.

ಒಂದು ಬೆಳಿಗ್ಗೆ ಅವನು ಕೇಳಿದ. "ಅಕ್ಕಾ, ನಿಮ್ಮದೊಂದು ಹಸಿರು ಸೀರೆ ಇದೆಯಲ್ಲ, ಕೆಂಪಂಚಿಂದು. ಎರಡು ದಿನ ಕೊಡ್ತೀರಾ? ಏಳನೇ ಕಂತಿಗೆ ಬೇಕು."

ಅದು ಚೊಚ್ಚಲ ಬಾಣಂತನ ಮುಗಿಸಿ ಬರುವಾಗ ತವರಿನಲ್ಲಿ ಉಡಿಸಿ ಕಳಿಸಿದ ಸೀರೆ. ಕೊಡದಿರಲು ಅವಳಿಗೆ ಮನಸ್ಸು ಬರುವುದುಂಟೇ? ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ಅದರ ತಳದಿಂದ ಒತ್ತಿ ಒತ್ತಿ ಮಡಿಕೆ ಕೂರಿಸಿ ಕೊಟ್ಟಳು. ಅದೇ ಬಿಸಿಯಲ್ಲಿ ಗಂಡನ ಹೊಸ ಚೌಕಳಿ ಅಂಗಿಗೂ ಇಸ್ತ್ರಿ ಆಯಿತು, ಮಾರನೆಯ ದಿನ ಅವನು ಮಂಡಿಗೆ ಕೊಬ್ಬರಿ ಹಾಕಲು ಅರಸೀಕೆರೆಗೆ ಹೋಗುವವನಿದ್ದ. ಸೀರೆ ನಾಲ್ಕನೇ ದಿನ ಒಗೆಸಿಕೊಂಡು ವಾಪಸು ಬಂತು. ಬಿಡಿಸಿ ನೋಡಿದರೆ ಮೊಣಕಾಲಿನ ಮಟ್ಟಕ್ಕೆ ಎರಡು ಕಡೆ ಬಟ್ಟೆ ಸವೆದು ಜಾಳಾಗಿತ್ತು.

"ಎಲ್ಲೋ ತಗುಲಿರಬೇಕು ಅಕ್ಕ" ಎಂದಿದ್ದ ಶರತ್ಚಂದ್ರ. ಅವಳು ಹಸಿರು ದಾರದಲ್ಲಿ ಹೊಲಿದು ಪೆಟ್ಟಿಗೆಗೆ ಇಟ್ಟಳು.

ಆ ವರ್ಷ ತಾನೇ ಮನೆಗೆ ಕಪ್ಪು ಬಿಳುಪು ಟೀವಿ ಬಂದಿತ್ತು. ಧಾರಾವಾಹಿ ಶ್ರಾವಣದಲ್ಲಿ ಶುರುವಾಯಿತು, ಪ್ರತಿ ಮಂಗಳವಾರ ಸಂಜೆ. ಅಣ್ಣಮ್ಮ ತಲೆ ಬಾಚಿ, ಹೂ ಮುಡಿದು, ತನ್ನ ಸೀರೆಯ ದಾರಿ ಕಾಯುತ್ತ ಕೂತರೆ ಪರದೆಯ ಮೇಲೆ ಬರೀ ಇರುವೆ ಮುತ್ತಿದ ಹಾಗೆ ಚುಕ್ಕಿ. ಲಕ್ಕಪ್ಪ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಜಿಟಿಜಿಟಿ ಮಳೆಯಲ್ಲೇ ಹೆಂಚು ಹತ್ತುತ್ತಿದ್ದ. ಬಿದಿರ ಗಳುವಿಗೆ ಕಟ್ಟಿದ ಆಂಟೆನಾ ಹಿಡಿದು "ಬಂತೇನೇ?" ಎಂದು ಕೂಗುತ್ತಿದ್ದ. "ಇಲ್ಲ ಕಣ್ರೀ, ಇನ್ನೂ ಬಂದಿಲ್ಲ" ಎಂದು ಅವಳು ಕಿಟಕಿಯಿಂದ ಕೂಗುತ್ತಿದ್ದಳು. ಹೀಗೆ ಅರ್ಧ ಗಂಟೆ. ಕಂತು ಮುಗಿದು ವಾರ್ತೆ ಶುರುವಾಗುವ ಹೊತ್ತಿಗೆ ಚಿತ್ರ ಕನ್ನಡಿಯಂತೆ ನಿಲ್ಲುತ್ತಿತ್ತು. ಹದಿಮೂರು ವಾರ, ಒಂದೂ ತಪ್ಪದೆ, ಹೀಗೇ. ಪಂಚಾಯ್ತಿ ಕಟ್ಟೆಯ ಟೀವಿಯಲ್ಲಿ ಊರೆಲ್ಲ ನೋಡುತ್ತಿತ್ತು, ಆದರೆ ಮಾತು ನಿಂತು ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಮುಸ್ಸಂಜೆಯಲ್ಲಿ ಒಬ್ಬಳನ್ನೇ ಬಿಟ್ಟು ಅಣ್ಣಮ್ಮ ಹೋಗುವ ಹಾಗಿರಲಿಲ್ಲ.

ಸೀರೆ ಕಾಣಲಿಲ್ಲ, ನಿಜ. ಆದರೆ ಅವಳಿಗೆ ಸಿಕ್ಕಿದ್ದು ಬೇರೆಯೇ ಆಗಿತ್ತು. ಲಕ್ಕಪ್ಪ ಹೆಂಡತಿಗೆ ಒಂದು ಒಳ್ಳೆಯ ಮಾತು ಆಡಿದವನಲ್ಲ, ಹಬ್ಬಕ್ಕೆ ಒಂದು ಮೊಳ ಮಲ್ಲಿಗೆ ತಂದವನಲ್ಲ. ಅಂಥವನು ಹದಿಮೂರು ಸಂಜೆ ಮಳೆಯಲ್ಲಿ ಹೆಂಚಿನ ಮೇಲೆ ನೆನೆದು, ಕೆಳಗಿಳಿದು ಅವಳ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಅವಳು ಟವಲಿನಿಂದ ತಲೆ ಒರೆಸಿ ಮೆಣಸಿನ ಕಾಫಿ ಕೊಡುತ್ತಿದ್ದಳು. "ಬ್ಯಾರೆ ಗಂಡುಸ್ರು ಬಾಯಲ್ಲಿ ಪ್ರೀತಿ ತೋರುಸ್ತಾರೆ, ನಮ್ಮನೆಯೋರು ಹೆಂಚಿನ ಮ್ಯಾಲೆ ತೋರುಸಿದ್ರು" ಎನ್ನುವಲ್ಲಿಗೆ ಸೀರೆಯ ಕಥೆ ಮುಗಿಯುತ್ತಿತ್ತು. ಜೀವನದಲ್ಲಿ ಕಷ್ಟ ಬಂದಾಗಲೆಲ್ಲ ಅವಳು ನೆನೆಸಿಕೊಂಡು ಬದುಕಿದ್ದು ಆ ಹದಿಮೂರು ಸಂಜೆಗಳನ್ನು.

ಮೊನ್ನೆ ಭಾನುವಾರ ಮೊಮ್ಮಗಳು ಹೇಮಾಶ್ರೀ ಕಾಲೇಜಿನ ಓದು ಬದಿಗಿಟ್ಟು ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಳು. "ಅಜ್ಜಿ! ನಿಮ್ಮ ಸೀರಿಯಲ್ಲು ಸಿಕ್ತು! ಹಳೇದನ್ನೆಲ್ಲ ಯಾರೋ ಯೂಟ್ಯೂಬಿಗೆ ಹಾಕವ್ರೆ. ಹದಿಮೂರೂ ಐತೆ!"

ಅಣ್ಣಮ್ಮ ಕೈಯಲ್ಲಿದ್ದ ಈರುಳ್ಳಿ ಬಿಟ್ಟು, ಕೈ ತೊಳೆದು, ಬೇರೆ ಸೀರೆಯನ್ನೇ ಉಟ್ಟು ಬಂದಳು. ಸೊಸೆ ಮಧುಶ್ರೀ ನಕ್ಕಳು. "ಅತ್ತೆ, ಅವ್ರು ನಿಮ್ಮನ್ನ ನೋಡಲ್ಲ, ನೀವು ಅವ್ರನ್ನ ನೋಡೋದು." ಲಕ್ಕಪ್ಪ ಹಾಲಿನ ಡೇರಿಯ ಕಟ್ಟೆಗೆ ಹರಟೆಗೆ ಹೋಗಿದ್ದ. ಅವರೂ ಇದ್ದಿದ್ದರೆ ಎಂದು ಅಣ್ಣಮ್ಮನಿಗೆ ಎನಿಸಿತು. ಮೊಮ್ಮಗಳು ಮೊಬೈಲನ್ನು ದೊಡ್ಡ ಟೀವಿಗೆ ಕೂಡಿಸಿ ಏಳನೇ ಕಂತು ಹಾಕಿದಳು.

ಚಿತ್ರ ಮಸುಕು, ಬಣ್ಣ ಸೋರಿಹೋಗಿದೆ. ಆದರೂ ಮಜವಾಗಿತ್ತು. ಒಬ್ಬಳು ಬಾಯಿಬಡುಕಿ ಅತ್ತೆ ಹೊಸಿಲ ಮೇಲೆ ಕೂತು, ಮುದ್ದೆಯಲ್ಲಿ ಗಂಟು ಹುಡುಕಿ ಸೊಸೆಯ ತವರಿನ ಏಳು ತಲೆಮಾರನ್ನು ಜಾಲಾಡುತ್ತಿದ್ದಾಳೆ. ಅಣ್ಣಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟರಲ್ಲಿ ನಾಟಕದ ಸೊಸೆ ಒಳಗಿಂದ ಬಂದಳು, ಹಸಿರು ಸೀರೆ, ಕೆಂಪಂಚು. "ಅಗಾ, ಅಗಾ, ನನ್ ಸೀರೆ!" ಎಂದು ಅಣ್ಣಮ್ಮ ಎದ್ದೇ ನಿಂತಳು.

ಪರದೆಯ ಸೊಸೆ ದೇವರ ಗೂಡಿನ ಮುಂದೆ ಕೈ ಮುಗಿದಳು. "ಅಪ್ಪಾ, ಮಾಲೇಕಲ್ಲು ವೆಂಕಟ್ರಮಣ, ಈ ಮುದುಕಿ ಬಾಯಿ ಕಟ್ಟು. ನಿನ್ನ ಮೆಟ್ಲೆಲ್ಲ ಮೊಣಕಾಲಲ್ಲಿ ಹತ್ತುತೀನಿ."

ಅಣ್ಣಮ್ಮನ ನಗು ಅಲ್ಲೇ ನಿಂತಿತು. ಆ ಮಾತು ಅವಳದು.

ಅತ್ತೆ ವೆಂಕಟಲಕ್ಷ್ಮಮ್ಮ ಬೈಗುಳದಲ್ಲಿ ಊರಿಗೇ ಹೆಸರಾದವಳು. ಮದುವೆಯಾಗಿ ಐದನೇ ವರ್ಷ, ನೆಂಟರೆದುರು ಮಾನ ಕಳೆದುಕೊಂಡ ಒಂದು ದಿನ, ಇಪ್ಪತ್ತೆರಡರ ಅಣ್ಣಮ್ಮ ಕೊಟ್ಟಿಗೆಯಲ್ಲಿ ನಿಂತು ಅಳುತ್ತ ಇದೇ ಹರಕೆ ಕಟ್ಟಿಕೊಂಡಿದ್ದಳು. ಎಂಟನೇ ದಿನ ಅತ್ತೆ ಬೈಯುತ್ತ ಬೈಯುತ್ತಲೇ ಕುಸಿದಳು. ಲಕ್ವಾ. ಬಾಯಿ ಒಂದು ಕಡೆ ಸೊಟ್ಟಗಾಗಿ ಮಾತು ಪೂರ್ತಿ ಹೋಯಿತು. ಅಣ್ಣಮ್ಮ ನಡುಗಿಹೋದಳು. ಹರಕೆ ತೀರಿಸಿದರೆ ಅತ್ತೆಯ ಗತಿಗೆ ದೇವರಿಗೆ ವಂದನೆ ಹೇಳಿದಂತೆ, ತೀರಿಸದಿದ್ದರೆ ದೇವರ ಸಾಲ. ವರ್ಷವೆಲ್ಲ ಒದ್ದಾಡಿ ಕೊನೆಗೆ ಒಂದು ಶನಿವಾರ, ಅತ್ತೆಗೆ ವಾಸಿಯಾಗಲೆಂದು ಹರಕೆ ಎಂದು ಸುಳ್ಳು ಹೇಳಿ, ಗಂಡನ ಜೊತೆ ಬಸ್ಸು ಬದಲಾಯಿಸಿಕೊಂಡು ಮಾಲೇಕಲ್ಲಿಗೆ ಹೋಗಿ ಆ ಬೆಟ್ಟದ ಮೆಟ್ಟಿಲನ್ನೆಲ್ಲ ಮೊಣಕಾಲಲ್ಲಿ ಹತ್ತಿದಳು. ದಾರಿಯ ಜನ ಇಂಥ ಸೊಸೆ ಉಂಟೇ ಎಂದು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಇಳಿಯುವಾಗ ಗಂಡ ಅವಳ ಮೊಣಕಾಲಿನ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದಾಗ ತಡೆಯಲಾಗದೆ ನಿಜ ಹೇಳಿ ಅತ್ತುಬಿಟ್ಟಳು. ಲಕ್ಕಪ್ಪ "ಇದನ್ನ ಜೀವ ಹೋದ್ರೂ ಯಾರ ತಾವೂ ಆಡ್ಬೇಡ" ಎಂದು ತಲೆ ಸವರಿದ್ದ. ಅವಳು ಯಾರ ಬಳಿಯೂ ಆಡಲಿಲ್ಲ. ಆರು ವರ್ಷ ಅತ್ತೆಯ ಹೇಲು ಉಚ್ಚೆ ಬಾಚಿ, ತುತ್ತು ಮಾಡಿ ಬಾಯಿಗೆ ಹಿಡಿದು, ಆ ಪಾಪವನ್ನು ಒಳಗೇ ಇಟ್ಟುಕೊಂಡು ತೊಳೆದಳು.

ಪರದೆಯ ಮೇಲೆ ಈಗ ಮಾಲೇಕಲ್ಲಿನ ಮೆಟ್ಟಿಲು. ಹಸಿರು ಸೀರೆಯ ಸೊಸೆ ಮೊಣಕಾಲಲ್ಲಿ ಹತ್ತುತ್ತಿದ್ದಾಳೆ, ಹಿಂದೆ ಬಾಯಿ ಸೊಟ್ಟಗೆ ಮಾಡಿಕೊಂಡ ಅತ್ತೆ "ಬೆಬ್ಬೆಬ್ಬೆ" ಎನ್ನುತ್ತ ಬರುತ್ತಿದ್ದಾಳೆ, ಹಿನ್ನೆಲೆಯಲ್ಲಿ ಪೀಪಿ ಊದುತ್ತಿದೆ. ಹೇಮಾಶ್ರೀ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿದಳು. "ಅಜ್ಜಿ ನೋಡಿ, ತಾತ! ತಾತನೇ ಕಣಜ್ಜಿ!"

ತಾತನೇ. ಮೆಟ್ಟಿಲ ಪಕ್ಕದ ಜನರ ನಡುವೆ, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಅವಳೇ ಇಸ್ತ್ರಿ ಮಾಡಿಕೊಟ್ಟ ಚೌಕಳಿ ಅಂಗಿ ತೊಟ್ಟು ಲಕ್ಕಪ್ಪ ನಿಂತಿದ್ದ. ಹಸಿರು ಸೀರೆ ಮುಂದೆ ಹಾದಾಗ ಅವನು ಕ್ಯಾಮೆರಾದತ್ತ ತಿರುಗಿ ಹಲ್ಲು ಬಿಟ್ಟು ನಕ್ಕ. ನಲವತ್ತು ವರ್ಷ ಸಂಸಾರ ಮಾಡಿದ ಅಣ್ಣಮ್ಮ ಗಂಡ ಅಷ್ಟು ಚೆನ್ನಾಗಿ ನಕ್ಕಿದ್ದನ್ನು ನೋಡಿರಲಿಲ್ಲ.

"ತಲೆ ನೋಯ್ತೈತೆ ಕಣವ್ವ, ಆರ್ಸು" ಎಂದು ಎದ್ದು ಒಳಗೆ ಹೋದಳು.

ಉಂಡ ಮನೆಗೆ ಎರಡು ಬಗೆದ ಶರತ್ಚಂದ್ರನ ಮೇಲೆ ಅವಳಿಗೆ ಬಂದದ್ದು ಬರೀ ಸಿಟ್ಟು. ಅವನು ಪರವೂರಿನವನು, ಕಥೆ ಹುಡುಕಿಕೊಂಡೇ ಬಂದವನು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಆದರೂ ಮನಸ್ಸು ಒಂದು ಎಳೆ ಹಿಡಿದುಕೊಂಡು ಜೋತುಬಿದ್ದಿತ್ತು. ಗಂಡ ಬಾಯಿ ತಪ್ಪಿ ಆಡಿದ್ದಿರಬಹುದು, ಆದರೆ ತಾನು ಸೀರೆ ನೋಡಲೆಂದು ಅವನು ಹೆಂಚು ಹತ್ತಿದ್ದಂತೂ ಸುಳ್ಳಲ್ಲ. ಅದಿಷ್ಟು ಉಳಿದರೆ ಸಾಕೆಂದು ಅವಳು ದೇವರನ್ನು ಬೇಡಿಕೊಂಡಳು.

ಮಾರನೆಯ ದಿನ ಪಕ್ಕದ ಮನೆಯ ಮುತ್ತಮ್ಮನ ಜಗಲಿಗೆ ಹೋಗಿ ಅವರೆಕಾಯಿ ಬಿಡಿಸುತ್ತ ನೇರವಾಗಿ ಕೇಳಿದಳು. "ಮುತ್ತಿ, ಆ ಟೀವಿ ನಾಟಕ ಬಂದಾಗ ನೀನು ಪಂಚಾಯ್ತಿ ತಾವ ನೋಡ್ತಿದ್ದೆ ಅಲ್ವಾ? ಏಳ್ನೇದು ಯಾರ ಕತೆ ಅಂತ ಗೊತ್ತಾಯ್ತಾ ನಿಂಗೆ?"

ಮುತ್ತಮ್ಮನ ಕೈ ನಿಂತಿತು. "ನಿಂಗೆ ಗೊತ್ತೈತೆ, ಗೊತ್ತಿಲ್ದಂಗೆ ಇದೀಯ ಅಂತ ನಾವೆಲ್ಲ ಅನ್ಕಂಡಿದ್ವಿ ಕಣಕ್ಕ. ನಿನ್ ಸೀರೆ ಯಾರಿಗೆ ಗುರ್ತಿಲ್ಲ? ಮ್ಯಾಲೆ ಲಕ್ಕಪ್ಪಣ್ಣ ಬ್ಯಾರೆ ನಿಂತಿದ್ರಲ್ಲ. ಅವತ್ತಿಂದ ನಮ್ಮತ್ತೆ ನಿನ್ ಕಂಡ್ರೆ ಸಾಕು, 'ಅವಳ ಕೂಟೆ ಮಾತು ಬ್ಯಾಡ, ಹರಕೆ ಕಟ್ಟಿ ಬಾಯಿ ನಿಲ್ಲಿಸ್ತಾಳೆ' ಅಂತಿದ್ರು. ಊರ ಮುದುಕೀರೆಲ್ಲ ಅಂಗೇ ಅಂತಿದ್ರು."

ನಲ್ಲಿಯ ಹತ್ತಿರ ಬಿಡುತ್ತಿದ್ದ ದಾರಿ, ತಲೆ ತಗ್ಗಿಸಿ ಕೇಳುತ್ತಿದ್ದ ಹೆಂಗಸರು, ಎಲ್ಲವೂ ಅಣ್ಣಮ್ಮನ ಕಣ್ಣ ಮುಂದೆ ಬಂತು. ಮೂವತ್ತೈದು ವರ್ಷ ಊರಿಗೆ ಊರೇ ತನ್ನ ಹಿಂದೆ ನಕ್ಕು, ಮುಂದೆ ಹೆದರಿಕೊಂಡು ಬದುಕಿತ್ತು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ" ಎಂದು ಮುತ್ತಮ್ಮ ದನಿ ತಗ್ಗಿಸಿದಳು. "ಮಾರ್ನೇ ದಿನ ನಮ್ಮತ್ತೆ ನಿಮ್ ಮನೆಗೆ ಹೋಗಿ ನಿಮ್ಮತ್ತೆ ಕಿವೀಲಿ ಎಲ್ಲಾ ಊದ್ಬಿಟ್ರು. ನೀನು ಹೊಳೆ ತಾವ ಬಟ್ಟೆಗೆ ಹೋಗಿದ್ದೆ."

ಅಣ್ಣಮ್ಮ ಎದ್ದಳು. ಮಡಿಲಲ್ಲಿದ್ದ ಅವರೆಕಾಯಿ ಚೆಲ್ಲಿತು, ಅವಳು ನೋಡಲಿಲ್ಲ. ಮೂರು ವರ್ಷ ಅವಳ ಕೈತುತ್ತು ಉಂಡ ಅತ್ತೆ ಆ ವರ್ಷದ ಶ್ರಾವಣ ಕಳೆದ ಮೇಲೆ ಇದ್ದಕ್ಕಿದ್ದಂತೆ ಉಣ್ಣುವುದನ್ನು ಬಿಟ್ಟಿದ್ದಳು. ಅಣ್ಣಮ್ಮ ತುತ್ತು ಹಿಡಿದರೆ ತುಟಿ ಬಿಗಿದು ಗೋಡೆಯತ್ತ ತಿರುಗುತ್ತಿದ್ದಳು, ಮಗ ಕೊಟ್ಟರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ರೋಗದವರ ಹಟ ಎಂದುಕೊಂಡು ಅಣ್ಣಮ್ಮ ಇನ್ನೂ ಮೂರು ವರ್ಷ ಅವಳ ಹಾಸಿಗೆ ಒಗೆದಿದ್ದಳು. ಸಾಯುವಾಗ ಬಾಯಿಗೆ ಬಿಟ್ಟ ಹಾಲನ್ನೂ ಅತ್ತೆ ನುಂಗಿರಲಿಲ್ಲ.

ನಾಲ್ಕು ದಿನ ಅವಳು ಗಂಡನ ಹತ್ತಿರ ಏನೂ ಕೇಳಲಿಲ್ಲ. ಊಟಕ್ಕೆ ಇಟ್ಟಳು, ಬಿಸಿನೀರು ಕಾಯಿಸಿದಳು. ಕೇಳಿದರೆ ಏನು ಉತ್ತರ ಬಂದೀತೋ ಎಂಬ ಭಯ. ಲಕ್ಕಪ್ಪನಿಗೆ ಏನೂ ಗೊತ್ತಾಗಲಿಲ್ಲ. ಹೆಂಡತಿಯ ಮೌನದಲ್ಲಿ ವ್ಯತ್ಯಾಸ ಹುಡುಕುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ.

ಶುಕ್ರವಾರ ಸಂಜೆ ಕೋತಿಗಳು ತಾರಸಿಯ ಮೇಲೆ ಕುಣಿದು ಡಿಶ್ಶನ್ನು ಓರೆ ಮಾಡಿ ಹೋದವು. ಟೀವಿ ನಿಂತಿತು. ರಿಪೇರಿಯವನಿಗೆ ಫೋನು ಮಾಡೋಣ ಎಂದು ಮಧುಶ್ರೀ ಹೊರಟರೆ ಲಕ್ಕಪ್ಪ ಪಂಚೆ ಎತ್ತಿ ಕಟ್ಟಿದ. "ಅವನ್ಯಾಕೆ? ಹದಿಮೂರು ವಾರ ಮಳೇಲಿ ಆಂಟೆನಾ ತಿರುಗ್ಸಿದೋನು ನಾನು. ಕೇಳು ನಿಮ್ಮತ್ತೇನ." ಎಂದು ಅಣ್ಣಮ್ಮನ ಕಡೆ ಹೆಮ್ಮೆಯಿಂದ ನೋಡಿ, ಅರವತ್ತೆಂಟರ ವಯಸ್ಸಿಗೆ ಮೆಟ್ಟಿಲು ಹತ್ತಿಯೇಬಿಟ್ಟ. ಆ ಮಾತನ್ನು ಅವನು ಆಡಬಾರದಿತ್ತು.

ಹೊರಗೆ ಹನಿ ಶುರುವಾಗಿತ್ತು. ಅಣ್ಣಮ್ಮ ಟೀವಿ ಕಾಣುವಂತೆ ಕಿಟಕಿಯ ಹತ್ತಿರ ನಿಂತಳು. ಎರಡನೇ ಸಲ ತಿರುಗಿಸುವಷ್ಟರಲ್ಲೇ ಚಿತ್ರ ಬಂತು, ಸ್ವಚ್ಛವಾಗಿ ಬಂತು.

"ಬಂತೇನೇ?" ಮೇಲಿನಿಂದ ಕೂಗು.

"ಇಲ್ಲ ಕಣ್ರೀ. ಇನ್ನೂ ಬಂದಿಲ್ಲ."

"ಅತ್ತೆ, ಬಂದೈತಲ್ಲ..." ಎಂದ ಮಧುಶ್ರೀಯನ್ನು ಅಣ್ಣಮ್ಮ ಕೈ ಎತ್ತಿ ತಡೆದಳು. ಚಿತ್ರ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಮಳೆ ಬಲವಾಯಿತು.

"ಈಗ?"

"ಇಲ್ಲ. ಇನ್ನೊಸಿ ತಿರುಗ್ಸಿ."

"ಯಾವ ಕಡೀಕೇ?"

"ಮಾಲೇಕಲ್ಲು ಕಡೀಕೆ ತಿರುಗ್ಸಿ" ಎಂದಳು ಅಣ್ಣಮ್ಮ. "ಅಲ್ಲಿ ಮೆಟ್ಲು ಪಕ್ಕ ಚೌಕಳಿ ಅಂಗಿ ಹಾಕ್ಕಂಡು ಒಬ್ರು ನಿಂತವ್ರೆ. ಕೈಲಿ ತೆಂಗಿನಕಾಯಿ ಐತೆ, ಚೆನ್ನಾಗಿ ನಗ್ತಾವ್ರೆ. ಅವರು ಕಾಣಂಗೆ ತಿರುಗ್ಸಿ."

ಮೇಲೆ ಡಿಶ್ಶಿನ ಕಿರುಗುಟ್ಟುವ ಸದ್ದು ನಿಂತಿತು. "ಕೆಳಕ್ಕೆ ಬಂದು ಹೇಳ್ತೀನಿ ಕಣೇ" ಎಂಬ ದನಿ ಬಂತು.

"ಬ್ಯಾಡ. ಅಲ್ಲಿಂದ್ಲೇ ಹೇಳಿ. ಬೀದಿಗೆಲ್ಲ ಗೊತ್ತಿರೋದೇ, ನಂಗೊಬ್ಳಿಗೆ ಗೊತ್ತಾಗ್ಬೇಕು."

ಮುತ್ತಮ್ಮನ ಮನೆಯ ಬಾಗಿಲು ತೆರೆಯಿತು. ಎದುರು ಮನೆಯ ಜಗಲಿಗೂ ಯಾರೋ ಬಂದರು. ಅಣ್ಣಮ್ಮ ಅವರತ್ತ ನೋಡಲಿಲ್ಲ.

"ಅವ್ರಿಗೆ ಏಳ್ನೇ ಕತೆ ಹೊಳೀತಿರ್ಲಿಲ್ಲ" ಎಂದ ಲಕ್ಕಪ್ಪ. "ಟೀವಿಯೋರೆಲ್ಲಾ ಕೂತಿದ್ರು. ಸುಮ್ನೆ ಹೇಳ್ಬಿಟ್ಟೆ. ಬಿದ್ದು ಬಿದ್ದು ನಕ್ರು ಕಣೇ. ನನ್ ಮಾತಿಗೆ ಅಂಗೆ ಯಾರೂ ಯಾವತ್ತೂ ನಕ್ಕಿರ್ಲಿಲ್ಲ. ಆಮ್ಯಾಕೆ ಬ್ಯಾಡಿ ಸಾರ್ ಅಂದೆ, ಅವ್ರು ಕೇಳ್ಲಿಲ್ಲ."

"ಬ್ಯಾಡ ಅಂದೋರು ಇಸ್ತ್ರಿ ಅಂಗಿ ಹಾಕ್ಕಂಡು ಹೋಗಿದ್ರಲ್ಲ. ಅರಸೀಕೆರೆ ಅಂತ ನನ್ ತಾವ ಹೇಳಿ."

ಮಳೆಯ ನಡುವೆ ಅವನು ಇನ್ನೊಂದು ಮಾತು ಹುಡುಕಿಕೊಂಡ. "ನಿಂಗೆ ನೋವಾಗ್ದಿರ್ಲಿ ಅಂತ ತಾನೇ ಹದಿಮೂರು ವಾರ ಆಂಟೆನಾ ವಾರೆ ಹಿಡ್ಕಂಡು ನಿಂತಿದ್ದು!"

"ಒಂದು ವಾರ ನಿಂತಿದ್ರೆ ಸಾಕಾಗಿತ್ತಲ್ರೀ. ಬಾಕಿ ಹನ್ನೆರಡು ವಾರ ಯಾಕೆ ನಿಂತ್ರಿ?"

ಇದೊಂದನ್ನು ಕೇಳುವುದಕ್ಕೇ ಅವಳು ನಾಲ್ಕು ದಿನ ಹೆದರಿದ್ದಳು. ಉಳಿದ ಹನ್ನೆರಡರಲ್ಲಿ ಒಂದಾದರೂ ತನ್ನದಾಗಿರಲಿ ಎಂದು ಕಿಟಕಿಗೆ ಕಿವಿಗೊಟ್ಟು ನಿಂತಳು.

"ಏಳ್ನೇದು ಒಂದೇ ಬರ್ಲಿಲ್ಲ ಅಂದ್ರೆ," ಲಕ್ಕಪ್ಪ ಮೆಲ್ಲಗೆ ಹೇಳಿದ, "ನಿಂಗೆ ಅನುಮಾನ ಬತ್ತಿತ್ತು."

ಹೆಂಚಿನ ಮೇಲಿನ ಹದಿಮೂರು ಸಂಜೆಯೂ ಅಲ್ಲಿಗೆ ಮುಗಿಯಿತು. ಅಣ್ಣಮ್ಮನಿಗೆ ಅಳು ಬರಲಿಲ್ಲ. ಮೋಸ ಎಂಬುದು ಇಷ್ಟು ಅಚ್ಚುಕಟ್ಟಾಗಿರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಕಿಟಕಿಯ ಸರಳು ಹಿಡಿದು ಕೊನೆಯದನ್ನು ಕೇಳಿದಳು. "ನಿಮ್ಮವ್ವ ನನ್ ಕೈತುತ್ತು ಯಾಕೆ ಬಿಟ್ರು ಅಂತ ನಿಮಗೆ ಗೊತ್ತಿತ್ತಾ?"

ಮಳೆ ಸುರಿಯಿತು.

"ಗೊತ್ತಿತ್ತು" ಎಂದ ಲಕ್ಕಪ್ಪ.

ಪಡಸಾಲೆಯ ಟೀವಿಯಲ್ಲಿ ಯಾವುದೋ ಧಾರಾವಾಹಿಯ ಹಾಡು ಶುರುವಾಯಿತು. ಮಧುಶ್ರೀ ಅದನ್ನು ಆರಿಸಲು ಹೋದರೆ ಅಣ್ಣಮ್ಮ ಬೇಡವೆಂದಳು, ಮಣೆ ಎಳೆದುಕೊಂಡು ಅದರ ಮುಂದೆಯೇ ಕೂತಳು.

"ನೆನ್ದು ತೊಪ್ಪೆಯಾದೆ ಕಣೇ" ಎಂದಿತು ಮೇಲಿನ ದನಿ. "ಇಳೀಲೇನೇ?"

"ಇನ್ನೂ ಬಂದಿಲ್ಲ ಕಣ್ರೀ. ತಿರುಗ್ಸ್ತಾ ಇರಿ."

ಅವನು ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಡಿಶ್ಶು ಮತ್ತೆ ಕಿರುಗುಟ್ಟತೊಡಗಿತು. ಅಣ್ಣಮ್ಮ ಎದ್ದು, ಬಾಗಿಲ ಹಿಂದಿನ ಮೊಳೆಗೆ ತೂಗಿದ್ದ ಟವಲು ತೆಗೆದು, ಮಡಿಸಿ ಬೀರುವಿನೊಳಗೆ ಇಟ್ಟು, ಬೀಗ ಹಾಕಿದಳು.